ಐದು ವ್ಯಾಟ್‌ನ ಗತ್ತು

1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಯಾರಾದ ಫೆಂಡರ್ ಚಾಂಪ್ ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಇರುವುದು ಮೂರೇ ವಾಲ್ವ್ (ನಿರ್ವಾತ ನಳಿಕೆ), 8 ಇಂಚಿನ ಒಂದು ಸ್ಪೀಕರ್, ವಾಲ್ಯೂಮ್‌ಗೆ ಒಂದೇ ಗುಂಡಿ. ಶಕ್ತಿ ಸುಮಾರು 5 ವ್ಯಾಟ್. ಮೈಮೇಲೆ ಟ್ವೀಡ್ ಹೊದಿಕೆ.

ಸೊಗಸಿರುವುದೇ ಈ ಬಡತನದಲ್ಲಿ. ತಂತಿಯನ್ನು ಮೆಲ್ಲಗೆ ಮೀಟಿದರೆ ದನಿ ತಿಳಿ. ಬಲವಾಗಿ ಮೀಟಿದರೆ ವಾಲ್ವ್ ತನ್ನ ಮಿತಿ ಮುಟ್ಟುತ್ತದೆ. ಅಲೆಯ ತುದಿಗಳು ಮೆತ್ತಗೆ ಚಪ್ಪಟೆಯಾಗಿ ದನಿಗೆ ಹಿತವಾದ ಒರಟುತನ ಬರುತ್ತದೆ. ಗುಂಡಿ ಮುಟ್ಟಬೇಕಿಲ್ಲ, ಎರಡೂ ದನಿಗಳು ಬೆರಳಿನ ಅಂಕೆಯಲ್ಲಿವೆ. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1970ರ 'ಲೈಲಾ' ಆಲ್ಬಮ್‌ಗೆ ನುಡಿಸಿದ್ದು ಇಂಥದ್ದೇ ಚಾಂಪ್ ಮೇಲೆ.

ಕೊಳ್ಳುವವರು ಮೊದಲು ಟ್ರಾನ್ಸ್‌ಫಾರ್ಮರ್ ಮೂಲದ್ದೇ ಎಂದು ನೋಡಬೇಕು. ವಾಲ್ವ್ ಬದಲಾಗಿದ್ದರೆ ಚಿಂತೆಯಿಲ್ಲ, ಅವು ಸವೆಯುವಂಥವೇ. ಗುಂಯ್‌ಗುಡುತ್ತಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದಾದ್ದರಿಂದ ಒಳಗೆ ಕೈಹಾಕುವುದು ಬಲ್ಲವರ ಕೆಲಸ. ಹಳೆಯ ಎರಡು ಪಿನ್ನಿನ ವೈರ್ ತೆಗೆಸಿ, ಅರ್ತ್ ಇರುವ ಮೂರು ಪಿನ್ ಹಾಕಿಸಿ. ಅಮೆರಿಕದ ವೋಲ್ಟೇಜಿಗೆ ಮಾಡಿದ್ದು; ನಮ್ಮ 230 ವೋಲ್ಟ್‌ಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಡ್ರಮ್ಸ್ ಜೊತೆಗಿನ ವೇದಿಕೆಗೆ ಇದು ಸಾಲದು. ಕೋಣೆಗೂ ಸ್ಟುಡಿಯೊ ಮೈಕಿಗೂ ಧಾರಾಳ.