ಕೂಲಿ ಎಷ್ಟು ಹಾಕ್ಕೊಂಡೆ?

ಹೊಲಿಗೆ ಮಶೀನು ತಗೊಂಡೆ ಅಂತ ಅಮ್ಮನಿಗೆ ಫೋನು ಮಾಡಿ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ: "ಯಾಕೆ, ಕೆಲ್ಸ ಹೋಯ್ತಾ?"

ಕೆಲಸ ಹೋಗಿರಲಿಲ್ಲ. ಲಾಕ್‌ಡೌನ್ ಮುಗಿಯುತ್ತಾ ಬಂದಿತ್ತು, ಮನೆಯಿಂದಲೇ ಆಫೀಸು ನಡೀತಿತ್ತು, ರಾತ್ರಿ ಹೊತ್ತು ನಾನು 'ದಿ ಗ್ರೇಟ್ ಬ್ರಿಟಿಷ್ ಸ್ಯೂಯಿಂಗ್ ಬೀ' ನೋಡುತ್ತಿದ್ದೆ. ಸುತ್ತಲಿನವರೆಲ್ಲ ಬಾಲ್ಕನಿಯಲ್ಲಿ ಟೊಮೇಟೊ ಬೆಳೆಯುತ್ತಿದ್ದರು. ನನಗೂ ಏನಾದರೂ ಕೈಯಾರೆ ಮಾಡಬೇಕು ಅನ್ನಿಸಿತು. ಹದಿನಾಲ್ಕು ಸಾವಿರ ಕೊಟ್ಟು ಕರೆಂಟಿನ ಮಶೀನು ತರಿಸಿದೆ. ಇದನ್ನೆಲ್ಲ ಅಮ್ಮನಿಗೆ ಹೇಗೆ ಹೇಳೋದು? "ಇಲ್ಲಮ್ಮ, ಸುಮ್ನೆ, ಇಷ್ಟಕ್ಕೆ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಡುಗೆ ಏನು ಅಂತ ಕೇಳಿದಳು.

ಆ ಮೌನ ಅರ್ಥ ಆಗೋಕೆ ನನಗೆ ಎರಡು ವರ್ಷ ಬೇಕಾಯ್ತು. ಅದಕ್ಕೆ ಮೊದಲು ಆ ಕಾರ್ಯಕ್ರಮದ ಬಗ್ಗೆ ಹೇಳುತ್ತೇನೆ, ಯಾಕಂದ್ರೆ ನಮ್ಮಂಥವರ ತಲೆಯಲ್ಲಿ ಮನೆಹೊಲಿಗೆ ಅಂದರೆ ಈಗ ಕಾಣೋದು ಅದೇ ಚಿತ್ರ.

'ಸ್ಯೂಯಿಂಗ್ ಬೀ' ಬಿಬಿಸಿಯಲ್ಲಿ ಶುರುವಾಗಿದ್ದು 2013ರಲ್ಲಿ. ಬೆಳಕು ತುಂಬಿದ ದೊಡ್ಡ ಹಾಲು, ಸಾಲು ಮಶೀನು, ಬೇರೆ ಬೇರೆ ಉದ್ಯೋಗದಲ್ಲಿದ್ದುಕೊಂಡು ಹವ್ಯಾಸಕ್ಕೆ ಹೊಲಿಯುವ ಮಂದಿ. ಪ್ರತಿ ಕಂತಿನಲ್ಲೂ ಮೂರು ಪರೀಕ್ಷೆ. ಮೊದಲನೆಯದು ಕೊಟ್ಟ ಪ್ಯಾಟರ್ನ್ ನೋಡಿ ಹೊಲಿಯೋದು. ಎರಡನೆಯದು ಇರುವ ಬಟ್ಟೆಯನ್ನು ಕತ್ತರಿಸಿ ಬೇರೆ ಏನಾದರೂ ಮಾಡೋದು. ಮೂರನೆಯದು ಎದುರಿಗೆ ನಿಂತ ಮನುಷ್ಯರ ಅಳತೆಗೆ ಹೊಲಿಯೋದು. ಪ್ಯಾಟ್ರಿಕ್ ಗ್ರಾಂಟ್ ಮತ್ತು ಎಸ್ಮೆ ಯಂಗ್ ಬಂದು ಕಂಕುಳ, ಕಾಲರು, ಜಿಪ್ಪು ಎಲ್ಲ ನೋಡುತ್ತಾರೆ. ಬಟ್ಟೆಯನ್ನು ತಿರುಗಿಸಿ ಒಳಗಿನ ಹೊಲಿಗೆಯನ್ನೂ ನೋಡುತ್ತಾರೆ. ಕೊನೆಗೆ ಗೆದ್ದವರಿಗೆ ಒಂದು ಟ್ರೋಫಿ.

ಕಾರ್ಯಕ್ರಮ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತಪ್ಪನ್ನು ಮುಚ್ಚಿಡೋದಿಲ್ಲ. ತೋಳು ಉಲ್ಟಾ ಕೂಡಿಸಿ, ಬಿಚ್ಚಿ, ಮತ್ತೆ ಉಲ್ಟಾ ಕೂಡಿಸಿ ಅಳುವವರು ಇದ್ದಾರೆ. ಪಕ್ಕದವರು ತಮ್ಮ ಕೆಲಸ ಬಿಟ್ಟು ಬಂದು ಸಹಾಯ ಮಾಡುತ್ತಾರೆ. ಬಟ್ಟೆ ಅನ್ನೋದು ಅಂಗಡಿಯ ಹ್ಯಾಂಗರಿನಲ್ಲಿ ಹುಟ್ಟೋದಲ್ಲ, ಅದಕ್ಕೆ ಎಳೆ ಇದೆ, ಓರೆ ಇದೆ, ಒಳಗೊಂದು ಲೆಕ್ಕ ಇದೆ ಅಂತ ನನಗೆ ಕಲಿಸಿದ್ದು ಅದೇ. ಇಪ್ಪತ್ತು ವರ್ಷ ಹೊಲಿಗೆ ಮಶೀನಿನ ಸದ್ದಿನಲ್ಲೇ ಮಲಗಿ ಎದ್ದವಳು ನಾನು. ನನಗೆ ಇದನ್ನು ಇಂಗ್ಲೆಂಡಿನವರು ಬಂದು ಕಲಿಸಬೇಕಾಯ್ತು ಅನ್ನೋದು ಬೇರೆ ಕಥೆ. ಅಲ್ಲ, ಅದೇ ಕಥೆ.

ಆ ಕಾರ್ಯಕ್ರಮದ ಕಂತಿನ ಮೇಲೆ ಕಂತು ನೋಡಿದೆ. ನಾನು ನೋಡಿದ ಯಾವ ಕಂತಿನಲ್ಲೂ ಯಾರೂ ಕೇಳದ ಪ್ರಶ್ನೆ ಒಂದೇ: ಇದಕ್ಕೆ ಕೂಲಿ ಎಷ್ಟು? ಬಟ್ಟೆ ಅಲ್ಲೇ ಕಪಾಟಿನಲ್ಲಿದೆ, ದಾರ ಅಲ್ಲೇ ಇದೆ, ಹೊತ್ತು ಮಾತ್ರ ಕಡಿಮೆ. ಗಡಿಯಾರ ಟಿಕ್ ಟಿಕ್ ಅನ್ನುತ್ತೆ, ಆದರೆ ಆ ಗಂಟೆಗಳಿಗೆ ರೂಪಾಯಿಯ ಲೆಕ್ಕ ಇಲ್ಲ. ಹವ್ಯಾಸದ ಕಾರ್ಯಕ್ರಮದಲ್ಲಿ ಅದು ಇರಬೇಕಾಗಿಯೂ ಇಲ್ಲ ಅನ್ನಬಹುದು. ಸರಿ. ಹಾಗಾದರೆ ಹೊಲಿಗೆಯನ್ನು ಹೊಟ್ಟೆಪಾಡಾಗಿ ತೋರಿಸಿದ ಸಿನಿಮಾಕ್ಕೆ ಬರೋಣ.

ಶರತ್ ಕಟಾರಿಯಾ ನಿರ್ದೇಶನದ 'ಸೂಯಿ ಧಾಗಾ' 2018ರಲ್ಲಿ ಬಂತು. ಮೌಜಿ (ವರುಣ್ ಧವನ್) ಹೊಲಿಗೆ ಮಶೀನಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಧಣಿಯ ಮನೆ ಮದುವೆಯಲ್ಲಿ ಅವನನ್ನು ನಾಯಿಯ ಹಾಗೆ ಆಡಿಸಿ ನಗುತ್ತಾರೆ. ಅದನ್ನು ನೋಡಿದ ಹೆಂಡತಿ ಮಮತಾ (ಅನುಷ್ಕಾ ಶರ್ಮಾ), ಈ ಕೆಲಸ ಬಿಟ್ಟು ನಿಮ್ಮದೇ ಏನಾದರೂ ಮಾಡಿ ಅಂತಾಳೆ. ಸಿನಿಮಾದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಆಸ್ಪತ್ರೆಯದು. ಹಾಸಿಗೆ ಹಿಡಿದ ತಾಯಿಗೆ ಸೀರೆಯಲ್ಲಿ ಕಷ್ಟ ಆಗುತ್ತೆ. ಮಗ ಒಂದು ಮ್ಯಾಕ್ಸಿ ಹೊಲಿದು ತರುತ್ತಾನೆ. ಪಕ್ಕದ ಹಾಸಿಗೆಯವರು ನೋಡಿ ನಮಗೂ ಬೇಕು ಅಂತಾರೆ. ಮನೆಹೊಲಿಗೆ ಏನು ಅಂತ ಇಷ್ಟು ಸರಿಯಾಗಿ ಹೇಳಿದ ದೃಶ್ಯ ಇನ್ನೊಂದು ನಾನು ನೋಡಿಲ್ಲ: ಒಂದು ಮೈ, ಅದಕ್ಕೊಂದು ಕಷ್ಟ, ಅದಕ್ಕೆ ತಕ್ಕ ಒಂದು ಬಟ್ಟೆ.

ಆದರೆ ಸಿನಿಮಾಕ್ಕೆ ಅಷ್ಟು ಸಾಕಾಗೋದಿಲ್ಲ. ಕೊನೆಗೆ ಫ್ಯಾಷನ್ ಸ್ಪರ್ಧೆ, ರ‍್ಯಾಂಪು, ಚಪ್ಪಾಳೆ. ಆಸ್ಪತ್ರೆಯ ಮ್ಯಾಕ್ಸಿಗೆ ದೊಡ್ಡವರ ಸರ್ಟಿಫಿಕೇಟು ಸಿಕ್ಕಮೇಲೇ ಕಥೆ ಮುಗಿಯೋದು. ದಿನಾ ಹತ್ತು ಬ್ಲೌಸು ಹೊಲಿದು, ದಿನಾ ಹತ್ತು ಬ್ಲೌಸಿನ ಕೂಲಿ ಸರಿಯಾಗಿ ಬಂದು ಸಂಸಾರ ನಡೆದರೆ ಅದು ಗೆಲುವಲ್ಲವಾ? ಅದನ್ನು ತೋರಿಸುವ ಧೈರ್ಯ ಸಿನಿಮಾಕ್ಕೆ ಬರಲಿಲ್ಲ. ಅಲ್ಲಿ ಹವ್ಯಾಸಕ್ಕೆ ಟ್ರೋಫಿ, ಇಲ್ಲಿ ಬಡತನಕ್ಕೆ ಟ್ರೋಫಿ.

ಇವೆರಡಕ್ಕಿಂತ ಹಳೆಯ ಕಥೆ ಇನ್ನೊಂದಿದೆ, ಹೇಳಿದವರು ಗಾಂಧೀಜಿ. ಯಂತ್ರಗಳನ್ನೆಲ್ಲ ವಿರೋಧಿಸ್ತೀರಾ ಅಂತ 1924ರಲ್ಲಿ ರಾಮಚಂದ್ರನ್ ಅವರನ್ನು ಕೇಳಿದಾಗ, ಗಾಂಧೀಜಿ ಒಂದು ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಅದು ಸಿಂಗರ್ ಹೊಲಿಗೆ ಮಶೀನು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯೋದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಅದನ್ನು ಕಂಡುಹಿಡಿದ ಅಂತ ಅವರು ನಂಬಿದ್ದರು. ರಾಮಚಂದ್ರನ್ ಬಿಡಲಿಲ್ಲ. ಆ ಮಶೀನು ಮಾಡೋಕೂ ಕಾರ್ಖಾನೆ ಬೇಕಲ್ಲ ಅಂದರು. ಹೌದು, ಅಂಥ ಕಾರ್ಖಾನೆಗಳು ಸರ್ಕಾರದ ಕೈಯಲ್ಲಿರಲಿ ಅಂತ ಗಾಂಧೀಜಿ ಒಪ್ಪಿಕೊಂಡರು.

ಗಾಂಧೀಜಿಯವರ ಮನಸ್ಸು ದೊಡ್ಡದು, ಆದರೆ ಐಸಾಕ್ ಸಿಂಗರ್ ಅಂಥ ಗಂಡನಲ್ಲ. ಅವನಿಗೆ ಹಲವು ಹೆಂಗಸರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಅವನು ಬಾಸ್ಟನ್ನಿನ ಒಂದು ವರ್ಕ್‌ಶಾಪಿನಲ್ಲಿ ಬೇರೆಯವರ ಮಶೀನನ್ನು ನೋಡಿ, ಸುಧಾರಿಸಿ, 1851ರಲ್ಲಿ ಪೇಟೆಂಟ್ ಪಡೆದ. ಅವನ ಕಂಪನಿ ಮಶೀನುಗಳನ್ನು ಕಂತಿನ ಮೇಲೆ ಮಾರಿ ಮನೆಮನೆಗೆ ತಲುಪಿಸಿತು. ಅದರಲ್ಲಿ ಪ್ರೀತಿ ಹುಡುಕೋದು ಕಷ್ಟ. ಆದರೂ ಗಾಂಧೀಜಿ ಹೇಳಿದ ಕಥೆ ನಮಗೆ ಹಿತವಾಗುತ್ತೆ, ಯಾಕಂದ್ರೆ ಅದರಲ್ಲಿ ಹೆಂಡತಿಯ ದಣಿವು ಗಂಡನ ಪ್ರೀತಿಯಲ್ಲಿ ಕರಗಿಹೋಗುತ್ತೆ. ಮಶೀನು ಬಂದಮೇಲೆ ಆ ಹೆಂಡತಿ ಊರಿನವರ ಬಟ್ಟೆಯನ್ನೂ ಹೊಲಿಯೋಕೆ ಕೂತಳಾ, ಎಷ್ಟು ಹೊತ್ತಿಗೆ ಎದ್ದಳು ಅನ್ನೋದು ಕಥೆಯಲ್ಲಿ ಇಲ್ಲ.

ನಮ್ಮಮ್ಮ ಕೂತಳು. ತಿಪಟೂರಿನ ಮನೆಯ ನಡುಮನೆಯಲ್ಲಿ, ಕಿಟಕಿ ಪಕ್ಕ, ಉಷಾ ಪೆಡಲ್ ಮಶೀನು. ಅಪ್ಪನ ಸಂಬಳ ಮನೆಗೆ, ಅಮ್ಮನ ಹೊಲಿಗೆ ನನ್ನ ಫೀಸಿಗೆ. ಬ್ಲೌಸು, ಲಂಗ, ಸೀರೆಗೆ ಫಾಲ್ಸು. ಗೌರಿ ಹಬ್ಬದ ಹಿಂದಿನ ವಾರ ರಾತ್ರಿ ಎರಡರ ತನಕ ಪೆಡಲ್ ಸದ್ದು. ಅಕ್ಕಪಕ್ಕದವರು ಅಳತೆ ಬ್ಲೌಸು ಕೊಟ್ಟು, "ಹೆಂಗೂ ಮನೇಲೇ ಇರ್ತೀರಲ್ಲ, ನಿಧಾನಕ್ಕೆ ಹೊಲ್ಕೊಡಿ" ಅನ್ನೋರು. ಆಮೇಲೆ ಕೂಲಿಯಲ್ಲಿ ಐದು ರೂಪಾಯಿ ಚೌಕಾಸಿ. ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್ಡು ಹಾಕಿಕೊಂಡ ಟೈಲರ್ ಹತ್ತಿರ ಆ ಚೌಕಾಸಿ ನಡೀತಿರಲಿಲ್ಲ. ಗಂಡಸು ಅಂಗಡಿಯಲ್ಲಿ ಹೊಲಿದರೆ ಕಸುಬು, ಹೆಂಗಸು ಮನೆಯಲ್ಲಿ ಹೊಲಿದರೆ ಹೊತ್ತು ಹೋಗೋಕೆ. ನನ್ನನ್ನು ಮಾತ್ರ ಅಮ್ಮ ಮಶೀನಿನ ಹತ್ತಿರ ಬಿಡುತ್ತಿರಲಿಲ್ಲ. ಗುಂಡಿ ಹಚ್ಚೋಕೂ ಕಲಿಸಲಿಲ್ಲ. "ಇದ್ರ ಮೇಲೆ ಕೂತ್ಕೋಬೇಡ, ಹೋಗಿ ಓದ್ಕೋ" ಅನ್ನೋದು ನಮ್ಮನೆಯಲ್ಲಿ ಸುಪ್ರಭಾತದಷ್ಟೇ ಖಾಯಂ.

ಓದಿದೆ, ಬೆಂಗಳೂರಿಗೆ ಬಂದೆ. 2016ರ ಏಪ್ರಿಲ್‌ನಲ್ಲಿ ಒಂದು ಸೋಮವಾರ ನಮ್ಮ ಆಫೀಸಿನ ಕ್ಯಾಬು ಹೊಸೂರು ರಸ್ತೆಯಲ್ಲಿ ನಿಂತಿದ್ದು ನಿಂತೇ ಬಿಟ್ಟಿತು. ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಮಂದಿ ರಸ್ತೆಗೆ ಇಳಿದಿದ್ದರು. ಪಿಎಫ್ ದುಡ್ಡು ಪೂರ್ತಿ ಕೈಗೆ ಬರಬೇಕಾದರೆ 58 ವರ್ಷ ಆಗಬೇಕು ಅನ್ನೋ ಹೊಸ ನಿಯಮದ ವಿರುದ್ಧ. ಕ್ಯಾಬಿನಲ್ಲಿ ಎಲ್ಲರೂ ಗೊಣಗಿದರು. ನಾನೂ ಟ್ರಾಫಿಕ್ಕಿಗೆ ಬೈದು ಗ್ರೂಪಿನಲ್ಲಿ ಮೆಸೇಜು ಹಾಕಿದೆ. ಮರುದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತಗೊಂಡಿತು. ಪಿಎಫ್ ಇರೋ ನಮಗೆಲ್ಲ ಅದರಿಂದ ಲಾಭವಾಯ್ತು. ಥ್ಯಾಂಕ್ಸ್ ಹೇಳಿದವರು ನಮ್ಮ ಕ್ಯಾಬಿನಲ್ಲಿ ಯಾರೂ ಇರಲಿಲ್ಲ. ರಸ್ತೆಯಲ್ಲಿ ನಿಂತವರ ಕೈಯಲ್ಲೂ ನಮ್ಮಮ್ಮನ ಕೈಯಲ್ಲಿದ್ದ ಕಸುಬೇ ಇತ್ತು ಅನ್ನೋದು ಆವತ್ತು ನನಗೆ ಹೊಳೆಯಲೂ ಇಲ್ಲ.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಒಬ್ಬರಿದ್ದಾರೆ. ನಾನು ಮೊದಲ ಕುರ್ತಾ ಹೊಲಿದು ಹೆಮ್ಮೆಯಿಂದ ತೋರಿಸಿದಾಗ ಅವರು ತೋಳಿನ ತುದಿ ಹಿಡಿದು ನೋಡಿ, "ಇಲ್ಲಿ ಎಳೆದಿದೆ ಮೇಡಂ" ಅಂದರು. ಬಿಚ್ಚಿ, ಎರಡೇ ನಿಮಿಷದಲ್ಲಿ ಮತ್ತೆ ಹೊಲಿದು ಕೊಟ್ಟರು. ನಿಮ್ಮ ಬಟ್ಟೆಯೆಲ್ಲ ನೀವೇ ಹೊಲ್ಕೊಳ್ತೀರಾ ಅಂತ ಕೇಳಿದೆ. ನಕ್ಕರು. "ಎಂಟು ವರ್ಷ ಬರೀ ಕಫ್ ಹೊಲ್ದಿದೀನಿ. ಪೂರ್ತಿ ಷರ್ಟು ಒಂದೂ ಹೊಲ್ದಿಲ್ಲ." ಲೈನಿನಲ್ಲಿ ಒಬ್ಬರಿಗೆ ಕಾಲರು, ಒಬ್ಬರಿಗೆ ಜೇಬು, ಒಬ್ಬರಿಗೆ ಕಫ್. ಗಂಟೆಗಿಷ್ಟು ಅಂತ ಟಾರ್ಗೆಟ್ಟು. ಗಂಟೆ ಲೆಕ್ಕ 'ಸ್ಯೂಯಿಂಗ್ ಬೀ'ಯಲ್ಲೂ ಇದೆ. ಅಲ್ಲಿ ಕೊನೆಗೆ ಒಂದು ಇಡೀ ಬಟ್ಟೆ ಕೈಗೆ ಬರುತ್ತೆ, ತಪ್ಪಿದರೆ ಒಬ್ಬರು ಹೆಗಲ ಮೇಲೆ ಕೈ ಹಾಕುತ್ತಾರೆ.

ಈಗ ನಮ್ಮ ಕಡೆಗೆ. 'ಸ್ಲೋ ಫ್ಯಾಷನ್' ಅಂತ ನಾವು ಹೇಳುವಾಗ ಒಂದು ನೈತಿಕ ಹೆಮ್ಮೆ ಇರುತ್ತೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಂದು ಕುರ್ತಾ ಹೊಲಿದವರು ಮುನ್ನೂರು ರೂಪಾಯಿಯ ಕುರ್ತಾ ನೋಡಿದರೆ ಬೆಚ್ಚಿಬೀಳುತ್ತಾರೆ. ಬಟ್ಟೆ, ದಾರ, ಅಂಗಡಿ ಬಾಡಿಗೆ ಎಲ್ಲ ಕಳೆದರೆ ಹೊಲಿದವಳಿಗೆ ಉಳಿದಿದ್ದೆಷ್ಟು ಅಂತ ಲೆಕ್ಕ ಹಾಕುತ್ತಾರೆ. ಮನೆಹೊಲಿಗೆಯ ನಿಜವಾದ ಉಪಯೋಗ ನನ್ನ ಪ್ರಕಾರ ಇದು. ಆದರೆ ನಾವು ಆ ಲೆಕ್ಕವನ್ನು ಬ್ರ್ಯಾಂಡುಗಳ ಮೇಲೆ ಮಾತ್ರ ಹಾಕುತ್ತೇವೆ. ಬೀದಿ ಕೊನೆಯ ಟೈಲರಮ್ಮ ಬ್ಲೌಸಿಗೆ ಐನೂರು ಅಂದರೆ, "ಅಯ್ಯೋ, ಜಾಸ್ತಿಯಾಯ್ತು" ಅಂತೀವಿ. ಉತ್ತರ ಕರ್ನಾಟಕದಲ್ಲಿ ಅಜ್ಜಿಯಂದಿರು ಹಳೇ ಸೀರೆ ಜೋಡಿಸಿ ಕೌದಿ ಹೊಲಿದಿದ್ದನ್ನು ಈಗ ನಾವು ಗೋಡೆಗೆ ತೂಗುಹಾಕಿ ಕಲೆ ಅಂತೀವಿ. ಆಗ ಅದು ಮಕ್ಕಳಿಗೆ ಚಳಿ ಆಗದಿರಲಿ ಅಂತ ಮಾಡಿದ ಕೆಲಸ. ಕಲೆ ಅಂದ ಕೂಡಲೆ ಕೂಲಿ ಕೊಡೋದು ತಪ್ಪಿಹೋಗುತ್ತೆ, ಪ್ರೀತಿ ಅಂದರೂ ಅಷ್ಟೇ.

ಕಳೆದ ಯುಗಾದಿಗೆ ಅಮ್ಮ ಬೆಂಗಳೂರಿಗೆ ಬಂದಳು. ಹೊಸ ಕುರ್ತಾ ತೋರಿಸಿದೆ, ಇಲಕಲ್ ಹತ್ತಿ ಬಟ್ಟೆಯದು. ಅವಳು ಮುಂಭಾಗ ನೋಡಲೇ ಇಲ್ಲ. ಪ್ಯಾಟ್ರಿಕ್ ಗ್ರಾಂಟ್ ಥರಾನೇ ಮೊದಲು ಒಳಗು ತಿರುಗಿಸಿದಳು.

"ಮಾರ್ಜಿನ್ ಎಲ್ಲೇ?"

ಕಾಲಿಂಚು ಬಿಟ್ಟಿದ್ದೆ, ಪ್ಯಾಟರ್ನಿನಲ್ಲಿ ಇದ್ದಿದ್ದೇ ಅಷ್ಟು. ಅಮ್ಮ ಒಂದಿಂಚು ಬಿಡುತ್ತಿದ್ದಳು. ಮದುವೆಗೆ ಹೊಲಿಸಿದ ಬ್ಲೌಸು ಬಾಣಂತನ ಆದಮೇಲೂ ಹಿಡಿಸಬೇಕು, ಬಿಚ್ಚಿ ಸಡಿಲ ಮಾಡೋಕೆ ಒಳಗೆ ಬಟ್ಟೆ ಇರಬೇಕು ಅಂತ. ರೆಡಿಮೇಡಿನಲ್ಲಿ ಅದು ಇರೋದಿಲ್ಲ. ನಾವು ದಪ್ಪ ಆದರೆ ಹೊಸದು ಕೊಳ್ಳಬೇಕು. ಹತ್ತು ಟ್ಯುಟೋರಿಯಲ್ ನೋಡಿದ್ದ ನನಗೆ ಬಟ್ಟೆ ಹಾಕಿಕೊಳ್ಳುವ ಮೈ ನಾಳೆ ಬದಲಾಗುತ್ತೆ ಅನ್ನೋದು ತೋಚಿರಲಿಲ್ಲ.

"ಎಷ್ಟು ಹೊತ್ತು ಹಿಡೀತು?"

"ಹನ್ನೊಂದು ಗಂಟೆ. ಎರಡು ಶನಿವಾರ."

"ಕೂಲಿ ಎಷ್ಟು ಹಾಕ್ಕೊಂಡೆ?"

ನಾನು ನಕ್ಕೆ. ಅವಳು ನಗಲಿಲ್ಲ. "ಬಟ್ಟೆ ಒಂಬೈನೂರು ಅಂದೆ, ದಾರ ಅಂದೆ, ಮಶೀನು ಹದಿನಾಲ್ಕು ಸಾವಿರ ಅಂದೆ. ನಿನ್ ಕೈಗೆ ಎಷ್ಟು?" ನನ್ನ ಆಫೀಸಿನ ಸಂಬಳದ ಲೆಕ್ಕದಲ್ಲಿ ಹನ್ನೊಂದು ಗಂಟೆ ಅಂದರೆ ಆ ಕುರ್ತಾ ಯಾವ ಅಂಗಡಿಯಲ್ಲೂ ಮಾರಾಟ ಆಗೋದಿಲ್ಲ. ಅವಳ ಆಗಿನ ಕೂಲಿಯ ಲೆಕ್ಕದಲ್ಲಿ ಹಾಕಿದರೆ ಬಾಯಿಬಿಟ್ಟು ಹೇಳೋಕೆ ನಾಚಿಕೆ. ಫೋನಿನಲ್ಲಿ ಆವತ್ತು ಅವಳು ಯಾಕೆ ಸುಮ್ಮನಾದಳು ಅಂತ ಆಗ ಗೊತ್ತಾಯ್ತು. ಯಾವುದರಿಂದ ನನ್ನನ್ನು ತಪ್ಪಿಸೋಕೆ ಅವಳು ಕಾಲು ಸವೆಸಿದಳೋ, ಅದನ್ನೇ ನಾನು ದುಡ್ಡು ಕೊಟ್ಟು ತರಿಸಿಕೊಂಡು "ಸುಮ್ನೆ" ಅಂದಿದ್ದೆ.

ಆಮೇಲೆ ಅವಳೇ ನನ್ನ ಮಶೀನಿನ ಮುಂದೆ ಕೂತಳು. ಕಾಲು ಅಭ್ಯಾಸದಂತೆ ಪೆಡಲನ್ನು ತುಳಿಯಿತು, ಮಶೀನು ಒಮ್ಮೆಲೇ ಓಡಿತು. "ಇದೇನೇ ಇದು, ಕೈಗೇ ಸಿಗಲ್ಲ" ಅಂತ ಬೈದುಕೊಂಡಳು. ಹತ್ತು ನಿಮಿಷದಲ್ಲಿ ಹಿಡಿತಕ್ಕೆ ತಂದುಕೊಂಡಳು. ಕಂಕುಳ ಬಿಚ್ಚಿ, ಉಳಿದ ಬಟ್ಟೆಯಲ್ಲಿ ಒಂದು ಓರೆ ಪೀಸು ಕೊಟ್ಟು, ಎರಡೂ ತೋಳು ಸರಿಮಾಡಿದಳು. ಹಾಕಿ ನೋಡಿದೆ. ಕೈ ಎತ್ತಿದರೆ ಎಳೆಯುತ್ತಿರಲಿಲ್ಲ.

"ಕೂಲಿ ಎಷ್ಟಮ್ಮ?" ಅಂದೆ.

ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಲೆಕ್ಕ ಹಾಕಿದಳು. "ಇನ್ನೂರೈವತ್ತು ಕೊಡು. ಲೈನಿಂಗ್ ಇದ್ದಿದ್ರೆ ಮುನ್ನೂರೈವತ್ತು ಆಗ್ತಿತ್ತು."

ಕೊಟ್ಟೆ. ಎಣಿಸಿ ಪರ್ಸಿನಲ್ಲಿ ಇಟ್ಟುಕೊಂಡಳು.