ಒಂದು ಒತ್ತಕ್ಷರದ ಪಾಠಾಂತರ

‘ಸೂರ್ಯ’ ಎಂದು ಬರೆದಾಗ ರಕಾರ ಅರ್ಕಾವತ್ತಾಗಿ ಯಕಾರದ ಆಚೆಗೆ ಹೋಗಿ ನಿಲ್ಲುತ್ತದೆ. ‘ರ‍್ಯಾಂಕ್’ ಎಂದು ಬರೆದಾಗ ರಕಾರ ತನ್ನ ಜಾಗದಲ್ಲೇ ಉಳಿದು, ಯಕಾರ ಒತ್ತಾಗಿ ಕೆಳಗಿಳಿಯುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಎರಡೂ ಕಡೆ ಇರುವುದು ರ, ಹಲಂತ, ಯ. ವ್ಯತ್ಯಾಸ ತಿಳಿಸಲು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಇನ್ನೊಂದು ಸಂಕೇತ ಬೇಕು. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್. ಯೂನಿಕೋಡ್ ಹೇಳುವ ಕ್ರಮದಲ್ಲಿ ಅದು ರಕಾರದ ನಂತರ, ಹಲಂತಕ್ಕೆ ಮೊದಲು ಬರಬೇಕು. ಆದರೆ ಹಲಂತದ ನಂತರ ಅದನ್ನು ಒತ್ತುವ ಹಳೆಯ ರೂಢಿಯೊಂದಿತ್ತು. ಗ್ರಂಥಸಂಪಾದನೆ ಓದಿದವರಿಗೆ ಇದು ಪರಿಚಿತ ಸನ್ನಿವೇಶ: ಪದ ಒಂದೇ, ಪಾಠ ಎರಡು. ಸಂಪಾದಕ ಏನು ಮಾಡಬೇಕು?

ಈ ಪ್ರಶ್ನೆಗೆ ನಾನು ಓದಿದ ಒಳ್ಳೆಯ ಉತ್ತರಗಳಲ್ಲೊಂದು ಇರುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ತಂತ್ರಾಂಶದಲ್ಲಿ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರಗಳನ್ನು ಜೋಡಿಸಿ ಆಕಾರ ಕೊಡುವುದು ಇದೇ. (ಹೆಸರು ಪಾರ್ಸಿ ಮೂಲದ್ದು, ‘ಹರ್ಫ್’ ಎಂದರೆ ಅಕ್ಷರ.) ಭಾರತೀಯ ಲಿಪಿಗಳನ್ನು ನಿಭಾಯಿಸುವ ಅದರ ಕಡತದಲ್ಲಿ ಕನ್ನಡಕ್ಕೆಂದೇ ಬರೆದ ಕೆಲವು ಸಾಲುಗಳಿವೆ. ಹಳೆಯ ಕ್ರಮದಲ್ಲಿ ಬರೆದ ರಕಾರ ಎದುರಾದರೆ ಆ ಎರಡು ಸಂಕೇತಗಳನ್ನು ಅದಲುಬದಲು ಮಾಡಿ ಮುಂದೆ ಹೋಗು, ಅಷ್ಟೇ. ಮೇಲೊಂದು ಟಿಪ್ಪಣಿ: ಕನ್ನಡದ ಹಳೆಯ ಬಳಕೆಗೆ ಹೊಂದಿಕೊಳ್ಳಲು ಹೀಗೆ ಮಾಡಬೇಕಾಗಿದೆ ಎಂಬ ಕಾರಣ, ಜೊತೆಗೆ ಯಾವ ಚರ್ಚೆಯಿಂದ ಇದು ಹುಟ್ಟಿತೆಂಬ ಉಲ್ಲೇಖ. ಹಳೆಯ ಪಠ್ಯವನ್ನು ತಿದ್ದುವುದಿಲ್ಲ, ಟೈಪು ಮಾಡಿದವರನ್ನು ಗದರುವುದಿಲ್ಲ. ಎರಡೂ ಪಾಠಗಳನ್ನು ಒಂದೇ ಅಕ್ಷರವಾಗಿ ಓದುತ್ತದೆ. ನಮ್ಮ ಎಷ್ಟೋ ಪರಿಷ್ಕರಣಗಳಿಗೆ ಈ ಸೌಜನ್ಯವಿಲ್ಲ.

ಓಪನ್ ಸೋರ್ಸ್‌ಗೆ ಕೋಡ್ ಕೊಡುವುದು ಹೇಗೆಂದು ಹೇಳುವ ಕೈಪಿಡಿಗಳು ಫೋರ್ಕ್, ಬ್ರಾಂಚ್, ಕಮಿಟ್, ಪುಲ್ ರಿಕ್ವೆಸ್ಟ್ ಎಂದು ಮೆಟ್ಟಿಲುಗಳನ್ನು ಎಣಿಸುತ್ತವೆ. ಅವು ಒಂದು ಮಧ್ಯಾಹ್ನದಲ್ಲಿ ಕಲಿಯುವಂಥವು. ಕಷ್ಟವಿರುವುದು ಬೇರೆಡೆ: ಕನ್ನಡ ಬಾರದ ನಿರ್ವಾಹಕರೊಬ್ಬರಿಗೆ ಈ ಒತ್ತು ಏಕೆ ತಪ್ಪು ಎಂದು ಮನವರಿಕೆ ಮಾಡುವುದರಲ್ಲಿ. ಯಾವ ಪದ, ಯಾವ ಫಾಂಟು, ಯಾವ ಸಂಕೇತಗಳ ಸಾಲು, ಈಗ ಹೇಗೆ ಕಾಣುತ್ತಿದೆ, ಹೇಗೆ ಕಾಣಬೇಕು? ಜೊತೆಗೆ ಆ ಪದವನ್ನೇ ಒಂದು ಪರೀಕ್ಷೆಯಾಗಿ ಸೇರಿಸಬೇಕು. ಮುಂದೆ ಯಾರೋ ಬೇರೇನನ್ನೋ ತಿದ್ದುವಾಗ ಇದು ಕೆಟ್ಟರೆ ಆ ಪರೀಕ್ಷೆ ಕೂಗಿಕೊಳ್ಳುತ್ತದೆ. ಕೂಗಬಲ್ಲ ಅಡಿಟಿಪ್ಪಣಿ ನಮ್ಮ ಶಾಸ್ತ್ರದಲ್ಲಿ ಇನ್ನೂ ಬಂದಿಲ್ಲ.

ಬದಲಾವಣೆಯ ಜೊತೆಗೆ ಬರೆಯುವ ಕಮಿಟ್ ಸಂದೇಶಕ್ಕೂ ಒಂದು ಶೈಲಿಯಿದೆ. ಮೊದಲು ತೊಂದರೆಯನ್ನು ವಿವರಿಸಿ, ಆಮೇಲೆ ಪರಿಹಾರ ಹೇಳಿ, ಆಜ್ಞಾರೂಪದಲ್ಲಿ ಬರೆಯಿರಿ ಎನ್ನುತ್ತದೆ ಲಿನಕ್ಸ್ ಕರ್ನೆಲ್‌ನ ಮಾರ್ಗದರ್ಶಿ. ‘ಬದಲಾಯಿಸಿದ್ದೇನೆ’ ಅಲ್ಲ, ‘ಬದಲಾಯಿಸು’. ಹೀಗೆ ವಾಕ್ಯದಿಂದ ‘ನಾನು’ ಮಾಯವಾಗುತ್ತದೆ. ಕೊನೆಯಲ್ಲಿ ಮಾತ್ರ ಹೆಸರು, ಮಿಂಚಂಚೆ ಸಹಿತ ರುಜು ಬೇಕು. ಈ ಕೋಡ್ ಕೊಡಲು ನನಗೆ ಹಕ್ಕಿದೆ ಎಂಬ ಹೊಣೆಯ ರುಜು. ಅದು 2004ರಿಂದ ರೂಢಿಯಲ್ಲಿದೆ. 2005ರಲ್ಲಿ ಬಂದ ಗಿಟ್‌ನಲ್ಲಿ ‘ಬ್ಲೇಮ್’ ಎಂಬ ಆದೇಶವಿದೆ. ಹೆಸರು ಒರಟು, ಕೆಲಸ ಭಾಷಾಶಾಸ್ತ್ರಜ್ಞನದು: ಯಾವ ಸಾಲು ಯಾರಿಂದ, ಯಾವಾಗ, ಯಾವ ಬದಲಾವಣೆಯಲ್ಲಿ ಬಂತೆಂದು ತೋರಿಸುತ್ತದೆ. ಕಾರಣ ಬರೆದಿಡದಿದ್ದರೆ ಅಲ್ಲಿ ಸಿಗುವುದು ಬರೀ ಹೆಸರು.

ಕೋಡ್ ರಿವ್ಯೂ ಎಂಬುದನ್ನು ಕನ್ನಡಕ್ಕೆ ತಂದರೆ ವಿಮರ್ಶೆಯೇ. ಆದರೆ ನಮ್ಮಲ್ಲಿ ಪುಸ್ತಕ ಅಚ್ಚಾದ ಮೇಲೆ ವಿಮರ್ಶೆ. ಅಲ್ಲಿ ವಿಮರ್ಶೆ ದಾಟದೆ ಸೇರ್ಪಡೆಯೇ ಇಲ್ಲ. ವಿಮರ್ಶಕರ ಸಮಯ ಹಾಗಾಗಿ ದುಬಾರಿ. ಪುಲ್ ರಿಕ್ವೆಸ್ಟ್‌ಗಳಿಗೆ ಟೀ ಶರ್ಟು ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಅರ್ಥವಿಲ್ಲದ ತಿದ್ದುಪಡಿಗಳು ಎಷ್ಟು ಸುರಿದವೆಂದರೆ, ಒಪ್ಪಿದ ಯೋಜನೆಗಳು ಮಾತ್ರ ಭಾಗವಹಿಸುವಂತೆ ನಿಯಮವನ್ನೇ ಬದಲಿಸಬೇಕಾಯಿತು. ಓದದೆ ಬರೆದದ್ದರ ಫಲ.

ಈ ಲೋಕವನ್ನು ಪೂರ್ತಿ ಹೊಗಳಲು ಮಾತ್ರ ನನಗೆ ಮನಸ್ಸಿಲ್ಲ. ಕನ್ನಡದ ಅಕ್ಷರದ ಪರವಾಗಿ ಇಂಗ್ಲಿಷಿನಲ್ಲೇ ವಾದಿಸಬೇಕು. ಒತ್ತು ತಪ್ಪಿದ್ದನ್ನು ಮೊದಲು ಕಾಣುವವರು ಕರಡು ತಿದ್ದುವವರು, ಡಿಟಿಪಿ ಮಾಡುವವರು. ಅವರಲ್ಲಿ ಗಿಟ್ ಬಲ್ಲವರು ಅಪರೂಪ. ಗಿಟ್ ಬಲ್ಲವರಿಗೆ ಎಷ್ಟೋ ಸಲ ಒತ್ತಿನ ಗೊಡವೆಯಿಲ್ಲ. ನಡುವೆ ನಿಲ್ಲಬೇಕಾದವರು ಕನ್ನಡ ಎಂಎ ತರಗತಿಯಲ್ಲಿ ಕೂತವರು ಎಂದು ನನ್ನ ಅನಿಸಿಕೆ.

ಅವರಿಗೆ ಮೊದಲ ದಿನವೇ ಸಿ++ ಬೇಕಿಲ್ಲ. ಹಾರ್ಫ್‌ಬಜ್ ಜೊತೆಗೆ ಎಚ್‌ಬಿ-ವ್ಯೂ ಎಂಬ ಪುಟ್ಟ ಸಾಧನ ಬರುತ್ತದೆ. ಫಾಂಟಿನ ಕಡತವನ್ನೂ ಪದವನ್ನೂ ಕೊಟ್ಟರೆ ಚಿತ್ರ ಬರೆದು ತೋರಿಸುತ್ತದೆ. ಕೆಟ್ಟ ಪದವನ್ನು ಎರಡು ಮೂರು ಫಾಂಟುಗಳಲ್ಲಿ ಹಾಕಿ ನೋಡಿ. ಒಂದರಲ್ಲಷ್ಟೇ ತಪ್ಪಿದರೆ ದೂರು ಬಹುಮಟ್ಟಿಗೆ ಆ ಫಾಂಟಿನವರಿಗೆ ಹೋಗಬೇಕು. ಎಲ್ಲದರಲ್ಲೂ ತಪ್ಪಿದರೆ, ಸಂಕೇತಗಳ ಸಾಲನ್ನು ಒಂದೊಂದಾಗಿ ಬರೆದುಕೊಂಡು ಜಾಯ್ನರ್ ಎಲ್ಲಿ ಕೂತಿದೆ ಎಂದು ಹುಡುಕಿ.