ಯಾವ ಪದರದಲ್ಲಿ ಸಿಕ್ಕಿತು?

ಈ ವಾರ ಟೆಲ್ ದಾನ್ ಶಾಸನದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅಷ್ಟರಲ್ಲಿ ಮೂವರು ಓದುಗರಿಂದ ಒಂದೇ ವಿಡಿಯೊ ಬಂತು. ಸೊದೋಮ್ ಪಟ್ಟಣ ಸಿಕ್ಕಿದೆಯಂತೆ, ಆಕಾಶದಿಂದ ಬಿದ್ದ ಬೆಂಕಿಗೆ ವಿಜ್ಞಾನಿಗಳೇ ಸಾಕ್ಷಿ ಒದಗಿಸಿದ್ದಾರಂತೆ. ಮೊದಲು ಅದರ ವಿಚಾರ ಮುಗಿಸಿಬಿಡುತ್ತೇನೆ.

ಜೋರ್ಡನ್ನಿನ ಟಾಲ್ ಎಲ್-ಹಮ್ಮಾಮ್ ಎಂಬ ದಿಬ್ಬದ ಕುರಿತು 2021ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬಂದದ್ದು ನಿಜ. ಕ್ರಿ.ಪೂ. 1650ರ ಸುಮಾರಿಗೆ ಆಕಾಶಕಾಯವೊಂದು ನೆತ್ತಿಯ ಮೇಲೆ ಸ್ಫೋಟಗೊಂಡು ಆ ಊರು ಸುಟ್ಟುಹೋಯಿತು, ಸೊದೋಮಿನ ಕಥೆಗೆ ಅದೇ ಮೂಲವಾಗಿರಬಹುದು ಎಂಬುದು ಅದರ ವಾದ. ಲೇಖನದ ಛಾಯಾಚಿತ್ರಗಳನ್ನು ತಿದ್ದಲಾಗಿದೆ ಎಂಬ ಆಕ್ಷೇಪ ಬೇಗನೆ ಎದ್ದಿತು, ಸ್ಫೋಟದ ಲೆಕ್ಕಾಚಾರವನ್ನೂ ತಜ್ಞರು ಪ್ರಶ್ನಿಸಿದರು. 2025ರ ಏಪ್ರಿಲ್‌ನಲ್ಲಿ ಪತ್ರಿಕೆ ಆ ಲೇಖನವನ್ನೇ ಹಿಂತೆಗೆದುಕೊಂಡಿತು. ಬಂದಾಗ ಮುಖಪುಟದ ಸುದ್ದಿಯಾಗಿದ್ದ ಲೇಖನ ಹೋದದ್ದು ಎಷ್ಟು ಕಡೆ ಸುದ್ದಿಯಾಯಿತು? ಬೈಬಲ್ ಪುರಾತತ್ವದ ಈ ಹವ್ಯಾಸದಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಇದೇ.

‘ಬೈಬಲ್ ನಿಜವೆಂದು ರುಜುವಾಯಿತು’ ಎಂದು ಕೂಗುವ ಬಳಗದೊಂದಿಗೆ ನನ್ನ ಜಗಳ ಹಳೆಯದು. ಅಲ್ಲಿರುವುದೆಲ್ಲ ಕಟ್ಟುಕಥೆ ಎನ್ನುವ ಬಳಗದೊಂದಿಗೂ ಅಷ್ಟೇ ಹಳೆಯದು. ಇಬ್ಬರೂ ವಸ್ತುವನ್ನು ನೋಡುತ್ತಾರೆ, ಅದು ಮಲಗಿದ್ದ ಮಣ್ಣನ್ನು ನೋಡುವುದಿಲ್ಲ. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಂ ಮೃತ ಸಮುದ್ರದ ಸುರುಳಿಗಳೆಂದು ಕೊಂಡಿಟ್ಟುಕೊಂಡಿದ್ದ 16 ತುಣುಕುಗಳೂ ನಕಲಿ ಎಂದು 2020ರಲ್ಲಿ ಘೋಷಿಸಿತು. ತೊಗಲು ಹಳೆಯದು, ಅಕ್ಷರ ಇತ್ತೀಚಿನದು. ಅವು ಬಂದದ್ದು ಮಾರುಕಟ್ಟೆಯಿಂದ. ಯಾವ ಗುಹೆ, ಯಾವ ಮೂಲೆ ಎಂದು ತೋರಿಸಬಲ್ಲವರು ಯಾರೂ ಇರಲಿಲ್ಲ.

ಇದರ ಪಕ್ಕದಲ್ಲಿ ಯೆರೂಸಲೇಮಿನ ಕೆತೆಫ್ ಹಿನ್ನೋಮನ್ನು ಇಟ್ಟು ನೋಡಿ. 1979ರಲ್ಲಿ ಗೇಬ್ರಿಯಲ್ ಬಾರ್ಕೈ ಅಲ್ಲಿ ಅಗೆಯುತ್ತಿದ್ದಾಗ, ಸಹಾಯಕ್ಕೆ ಬಂದಿದ್ದ ಶಾಲಾ ಹುಡುಗನೊಬ್ಬ ಬೇಸರಕ್ಕೆ ಸಮಾಧಿ ಗುಹೆಯ ನೆಲವನ್ನು ಸುತ್ತಿಗೆಯಿಂದ ಕುಟ್ಟಿದ. ನೆಲ ಎಂದುಕೊಂಡದ್ದು ಹಿಂದೆಂದೋ ಕುಸಿದುಬಿದ್ದಿದ್ದ ಚಾವಣಿಯಾಗಿತ್ತು. ಅದರಡಿ ಕಳ್ಳರ ಕೈ ತಾಗದ ಕೋಣೆ, ಕೋಣೆಯಲ್ಲಿ ಎರಡು ಪುಟ್ಟ ಬೆಳ್ಳಿ ಸುರುಳಿಗಳು. ಬಿಚ್ಚುವುದಕ್ಕೇ ಮೂರು ವರ್ಷ ಹಿಡಿಯಿತು. ಅರಣ್ಯಕಾಂಡದ 6ನೇ ಅಧ್ಯಾಯದ ಯಾಜಕರ ಆಶೀರ್ವಾದ ಅವುಗಳ ಮೇಲೆ ಕೊರೆದಿತ್ತು. ಕಾಲ ಸುಮಾರು ಕ್ರಿ.ಪೂ. 600, ಅಂದರೆ ಮೃತ ಸಮುದ್ರದ ಸುರುಳಿಗಳಿಗಿಂತ ಬಹಳ ಹಿಂದಿನದು. ಸುರುಳಿಗಳ ಕಾಲದ ಬಗ್ಗೆ ವಾದವಾಯಿತು, ಆದರೆ ಅವು ಆ ಕೋಣೆಯಲ್ಲೇ ಸಿಕ್ಕವು ಎಂಬುದು ವಾದದ ವಿಷಯವಾಗಲಿಲ್ಲ.

ಟೆಲ್ ದಾನ್ ಬಗ್ಗೆಯೂ ಹೇಳಬೇಕಾದದ್ದು ಮುಖ್ಯವಾಗಿ ಇದೇ. 1993ರಲ್ಲಿ ಸಿಕ್ಕ ಆ ಕಪ್ಪು ಕಲ್ಲಿನಲ್ಲಿ ‘ದಾವೀದನ ಮನೆತನ’ ಎಂಬ ಓದು ಬಂದಾಗ ಕೆಲವರು ಅದು ನಕಲಿ ಎಂದೇ ಶಂಕಿಸಿದರು. ಕಲ್ಲು ಸಿಕ್ಕದ್ದು ಅಂಗಡಿಯಲ್ಲಲ್ಲ, ಅಗೆತದಲ್ಲಿ ಹೊರಬಂದ ಗೋಡೆಯೊಂದರೊಳಗೆ. ಶಂಕೆಗೆ ಬಲ ಬರಲಿಲ್ಲ. ಉಳಿದದ್ದು ಮುಂದಿನ ವಾರಕ್ಕಿರಲಿ. ಮಣ್ಣಿನ ಮಾತು ಬಂದಮೇಲೆ ಯೆರಿಕೋವನ್ನು ದಾಟಿ ಹೋಗಲು ನನ್ನಿಂದಾಗದು.

1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಯೆರಿಕೋದಲ್ಲಿ ಬಿದ್ದ ಗೋಡೆ ಕಂಡು, ಯೆಹೋಶುವನ ಕಾಲದಲ್ಲಿ ಉರುಳಿದ್ದು ಇದೇ ಎಂದರು. ಜಗತ್ತು ನಂಬಿತು. 1952ರಲ್ಲಿ ಅಲ್ಲಿಗೆ ಕ್ಯಾಥ್ಲೀನ್ ಕೆನ್ಯನ್ ಬಂದರು. ಬೈಬಲ್ ಹಸ್ತಪ್ರತಿಗಳ ಮೇಲೆ ಜೀವನವಿಡೀ ಕೆಲಸ ಮಾಡಿದ ಫ್ರೆಡರಿಕ್ ಕೆನ್ಯನ್ ಅವರ ಮಗಳು ಈಕೆ. ಗೋಡೆಯ ಗುಂಟ ಅಗೆಯದೆ ಗೋಡೆಗೆ ಅಡ್ಡಲಾಗಿ ಕತ್ತರಿಸಿ, ಗುಂಡಿಯ ಪಕ್ಕೆಯನ್ನು ಗೀರಿ ನೇರಮಾಡಿ, ಪದರಗಳನ್ನು ಓದಿದರು. ಗೋಡೆಯ ಪಾಯ ಯಾವ ಪದರವನ್ನು ಸೀಳಿದೆಯೋ ಅದು ಗೋಡೆಗಿಂತ ಹಳೆಯದು, ಯಾವ ಪದರ ಬಂದು ಗೋಡೆಗೆ ಒರಗಿದೆಯೋ ಅದು ಹೊಸದು. ನಮ್ಮ ಹಳ್ಳಿಗಳಲ್ಲಿ ಹಗೇವು ತೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ: ಮೇಲಿನ ಮಡಕೆ ಚೂರು ಕೆಳಗಿನ ಮಣ್ಣಿಗೆ ಬಿದ್ದರೆ ಎರಡೂ ಒಂದೇ ಕಾಲದವಾಗುವುದಿಲ್ಲ. ಕೆನ್ಯನ್ ಕಂಡದ್ದಿಷ್ಟು. ಆ ಕೋಟೆಗೋಡೆ ಗಾರ್‌ಸ್ಟಾಂಗ್ ಹೇಳಿದ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಿಂದಿನದು. ಶತಮಾನಗಳ ಮಳೆ ಮೇಲಿನ ಪದರಗಳನ್ನು ಕೊಚ್ಚಿಕೊಂಡು ಹೋಗಿದ್ದರಿಂದ ಹಳೆಯ ಗೋಡೆ ಮೇಲ್ಗಡೆಯೇ ಕಾಣಿಸಿ ಹೊಸದೆಂಬ ಭ್ರಮೆ ಹುಟ್ಟಿಸಿತ್ತು. ಅದರಡಿಯಲ್ಲೂ ಆಳಕ್ಕೆ ಹೋದಾಗ, ಮಡಕೆ ಮಾಡುವುದನ್ನೇ ಅರಿಯದ ಜನ ಕ್ರಿ.ಪೂ. 8000ದ ಸುಮಾರಿಗೆ ಕಟ್ಟಿದ ಕಲ್ಲಿನ ಗೋಪುರ ಸಿಕ್ಕಿತು. ಅದು ಸತ್ಯವೇದದ ಯಾವ ಪುಟದಲ್ಲೂ ಇಲ್ಲ. ರುಜುವಾತನ್ನೇ ಹುಡುಕುತ್ತ ಹೋದವರಿಗೆ ಅದು ಬೇಕಾಗಿಯೂ ಇರಲಿಲ್ಲ. ನನ್ನ ಮಟ್ಟಿಗೆ ಆ ದಿಬ್ಬದ ದೊಡ್ಡ ಸಂಪತ್ತು ಅದೇ.

ಕೆನ್ಯನ್‌ಗೆ ಈ ವಿದ್ಯೆ ಕಲಿಸಿದವರು ಯಾರು? ಇಂಗ್ಲೆಂಡಿನ ವೆರುಲೇಮಿಯಮ್‌ನಲ್ಲಿ ಆಕೆಯನ್ನು ಜೊತೆಗಿಟ್ಟುಕೊಂಡು ಅಗೆದ ಮಾರ್ಟಿಮರ್ ವ್ಹೀಲರ್. ಮುಂದೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಇದೇ ವ್ಹೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಗುಂಡಿ ತೆಗೆಸಿದರು. ಕೆನ್ಯನ್ ಯೆರಿಕೋಗೆ ಹೋಗುವ ಐದು ವರ್ಷ ಮೊದಲು, ಅದೇ ಶಿಸ್ತು ನಮ್ಮ ಮೊಳಕಾಲ್ಮೂರು ಸೀಮೆಯ ಮಣ್ಣಿನಲ್ಲಿ ನಡೆದಿತ್ತು! ಬ್ರಹ್ಮಗಿರಿಗಿಂತ ಎರಡು ವರ್ಷ ಮೊದಲು ವ್ಹೀಲರ್ ಅರಿಕಮೇಡುವಿನಲ್ಲಿ ರೋಮನ್ ಮಡಕೆಗಳೊಂದಿಗೆ ಕಂಡ ಸಾಲುಗೀರಿನ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ಅದನ್ನು ಗೂಟವಾಗಿ ನೆಟ್ಟು ಕೆಳಗಿನದನ್ನೆಲ್ಲ ಲೆಕ್ಕಹಾಕಿದರು: ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸಿ ಬೃಹತ್ ಶಿಲಾಸಮಾಧಿ ಕಟ್ಟಿದವರು, ಅವರ ಮೇಲೆ ಆಂಧ್ರ ಎಂದು ವ್ಹೀಲರ್ ಹೆಸರಿಟ್ಟ ಸಂಸ್ಕೃತಿ. ಶಿಲಾಸಮಾಧಿಗಳಿಗೆ ವ್ಹೀಲರ್ ಕೊಟ್ಟ ಕಾಲವನ್ನು ಆಮೇಲಿನ ಕಾರ್ಬನ್ ಪರೀಕ್ಷೆಗಳು ಹಲವು ಶತಮಾನ ಹಿಂದಕ್ಕೆ ತಳ್ಳಿವೆ. ಆದರೆ ಪದರಗಳ ಕ್ರಮ ಕದಲಲಿಲ್ಲ. ಗುಂಡಿಯ ಪಕ್ಕೆಯ ಚಿತ್ರ ಬರೆದಿಟ್ಟವರ ತಪ್ಪನ್ನು ಮುಂದಿನವರು ತಿದ್ದಬಹುದು. ಚಿತ್ರ ಬರೆಯದೆ ಅಗೆದವರ ತಪ್ಪನ್ನು ತಿದ್ದಲು ಯಾರಿಂದಲೂ ಆಗದು, ಆ ಮಣ್ಣೇ ಹೋಗಿರುತ್ತದೆ.

ವ್ಹೀಲರ್ ತಮ್ಮ ‘ಆರ್ಕಿಯಾಲಜಿ ಫ್ರಮ್ ದಿ ಅರ್ಥ್’ ಪುಸ್ತಕದಲ್ಲಿ ಪ್ಯಾಲೆಸ್ಟೈನಿನ ಹಳೆಯ ಅಗೆತಗಳನ್ನು ಕಟುವಾಗಿ ಖಂಡಿಸಿದ್ದಾರೆ. 1954ರ ಆ ಪುಸ್ತಕವನ್ನು ಈ ಹವ್ಯಾಸದವರು ವರ್ಷಕ್ಕೊಮ್ಮೆಯಾದರೂ ತೆರೆಯಬೇಕು. ನಾನು ಬ್ರಹ್ಮಗಿರಿಗೆ ಹೋದಾಗಲೆಲ್ಲ ಕಾಣುವುದು ಅಶೋಕನ ಶಾಸನ ನೋಡಿ ಅಲ್ಲಿಂದಲೇ ಹಿಂದಿರುಗುವವರನ್ನು. ಶಾಸನ ನೋಡಲೇಬೇಕು. ಅದರ ಸುತ್ತಲ ನೆಲದಲ್ಲೂ ಹತ್ತು ನಿಮಿಷ ನಡೆಯಿರಿ, ಯೆರಿಕೋದಲ್ಲಿ ಆದದ್ದು ಏನೆಂದು ಅಲ್ಲಿ ಅರ್ಥವಾಗುತ್ತದೆ.

ದೂರದಲ್ಲಿ ಕುಳಿತವರಿಗೂ ಇವತ್ತು ದಾರಿಗಳಿವೆ. ಮೃತ ಸಮುದ್ರದ ಸುರುಳಿಗಳನ್ನು ಲಿಯಾನ್ ಲೆವಿ ಡಿಜಿಟಲ್ ಗ್ರಂಥಾಲಯದಲ್ಲಿ, ಏಳು ಮೀಟರಿಗೂ ಉದ್ದದ ಯೆಶಾಯನ ಸುರುಳಿಯನ್ನು ಇಸ್ರೇಲ್ ಮ್ಯೂಸಿಯಂ ತಾಣದಲ್ಲಿ ಅಕ್ಷರ ಅಕ್ಷರವಾಗಿ ಹಿಗ್ಗಿಸಿ ನೋಡಬಹುದು. ಅರ್ಧ ಗಂಟೆಯ ವಿಡಿಯೊಗಿಂತ ಅಲ್ಲಿನ ಐದು ನಿಮಿಷ ಮೇಲು.

ಸೊದೋಮಿನ ವಿಡಿಯೊ ಕಳಿಸಿದ ಮೂವರಲ್ಲಿ ನನ್ನದೊಂದು ವಿನಂತಿ. ಮುಂದೆ ಇಂಥ ಸುದ್ದಿ ಕಂಡಾಗ, ವಸ್ತು ಯಾವ ಪದರದಲ್ಲಿ ಸಿಕ್ಕಿತು, ಆ ಪದರದ ಚಿತ್ರ ಎಲ್ಲಿದೆ ಎಂದು ಮೊದಲು ಹುಡುಕಿ. ಚಿತ್ರ ಸಿಕ್ಕರೆ ಖಂಡಿತ ಕಳಿಸಿ, ಎಷ್ಟು ಹೊತ್ತಾಗಿದ್ದರೂ ಎದ್ದು ನೋಡುತ್ತೇನೆ.